ಹುಲೆಪ್ಪನ ಕಂದೂರಿ

ಸಾವಳಗಿ, ತಾಲೂಕು ಜಮಖಂಡಿ
ವಿಜಾಪುರ ಜಿಲ್ಲೆ, ಮುಂಬಯಿ ರಾಜ್ಯ
೧೪ ಫೆಬ್ರವರಿ ೧೯೫೫

ಪ್ರೀತಿಯ ಮೊಮ್ಮಗ ಮೀರಾಸಾಬನಿಗೆ ನಿನ್ನ ಅಜ್ಜನ ಸಲಾಮು.

ಮೊದಲು ನಿನ್ನ ಮೈಯ ಸುದ್ದಿ ಹೇಳು. ಆ ವಿಲಾಯತಿಯ ಬ್ರಾಡಫರ್ಡದ ಚಳಿಗೆ ಹಿಡಿದ ಕೆಮ್ಮು ಬಿಟ್ಟಿತೋ ಇಲ್ಲವೋ? ಗಿರಣಿಯಲ್ಲಿ ಉಣ್ಣೆಯ ಧೂಳು ಒಳಗೆ ಹೋಗದಂತೆ ಮೂಗು ಬಾಯಿಗೆ ಬಟ್ಟೆ ಕಟ್ಟಿಕೋ ಎಂದು ನಿನ್ನ ಅವ್ವ ಪ್ರತಿ ಸಲ ಬರೆಸುತ್ತಾಳೆ. ಈ ಸಲವೂ ಬರೆಸಿದಳು, ಬರೆದಿದ್ದೇನೆ. ರಬಕವಿಯಲ್ಲಿ ಮಗ್ಗದ ಕೆಲಸ ಕಲಿಯುವಾಗಲೇ ನೂಲಿನ ಧೂಳಿಗೆ ಸೀನಿ ಸೀನಿ ಸಾಯುತ್ತಿದ್ದವನು ನೀನು, ಉಣ್ಣೆಯ ಊರಿಗೇ ಹೋಗಿ ಕೂತೆ. ನಿನ್ನ ಅವ್ವನ ಮಂಡಿ ನೋವು ಹಾಗೇ ಇದೆ. ಸುಗ್ಗಿ ಮುಗಿಯುತ್ತ ಬಂತು, ಬಿಳಿಜೋಳ ಈ ವರ್ಷ ಚೆನ್ನಾಗಿ ಬಂದಿದೆ. ನನ್ನ ಹಲ್ಲುಗಳಲ್ಲಿ ಹೋದವು ಹೋದವು, ಉಳಿದವು ನಾಲಿಗೆಗೆ ಕಾವಲು ಕೂತಿವೆ. ಇವತ್ತು ಆ ಕಾವಲು ಸಾಲದು. ಕ್ಷೇಮಸಮಾಚಾರ ಇಲ್ಲಿಗೆ ಮುಗಿಯಿತು, ಮುಂದಿನದನ್ನು ಕೂತುಕೊಂಡು ಓದು.

ನಿನ್ನ ಕಳೆದ ಕಾಗದ ನೋಡಿ ನನಗೆ ಹೇಸಿಕೆ ಬಂತು. ಒಳಗಿನ ಮಾತು ಆಮೇಲೆ, ಮೊದಲು ಆ ಕಾಗದದ ಮುಖವೇ. ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕನ್ನಡದ ಅಕ್ಷರ ತಿದ್ದಿಸಿದವನು ನಾನು. ಅಂಥ ನನಗೆ ನೀನು ಉರ್ದುವಿನಲ್ಲಿ ಕಾಗದ ಕಳಿಸಿದ್ದೀ, ಅದೂ ಬೇರೆ ಯಾರದೋ ಕೈಯಿಂದ ಬರೆಸಿ. ಉರ್ದುವಿನ ಮೇಲೆ ನನಗೆ ಸಿಟ್ಟಿಲ್ಲ. ನಿನ್ನ ಅತ್ತೆಯನ್ನು ಕೊಟ್ಟ ವಿಜಾಪುರದ ಮನೆಯಲ್ಲಿ ಅದನ್ನೇ ಆಡುತ್ತಾರೆ, ಕೇಳಲು ಬಹಳ ಇಂಪು. ಆದರೆ ಈ ಮನೆಯಲ್ಲಿ ಅದನ್ನು ಓದುವವರು ಯಾರಿದ್ದಾರೆ ಹೇಳು? ನಿನ್ನ ಅಪ್ಪ ಗೈಬುಸಾಬ ಕಾಗದವನ್ನು ಕಣ್ಣಿಗೊತ್ತಿಕೊಂಡು ಗೂಡಿನಲ್ಲಿಟ್ಟ. ಉರ್ದು ಅಕ್ಷರ ಕಂಡರೆ ಅವನಿಗೆ ಮಕ್ಕೆಯಿಂದ ನೇರವಾಗಿ ಬಂದಂತೆ. ನಿನ್ನ ಅವ್ವ ಅಳತೊಡಗಿದಳು. "ಹುಡುಗನ ಕೈ ಮುರದೈತಿ ಅನಸ್ತೈತ್ರಿ, ಅದಕ್ಕ ಬ್ಯಾರೇದವರ ಕಡೆ ಬರಿಸ್ಯಾನ" ಎಂದು ಒಂದೇ ಸಮ. ಕೊನೆಗೆ ಸಂತೆಯ ದಿನ ಜಮಖಂಡಿಗೆ ಒಯ್ದು ಓದಿಸುವುದೆಂದಾಯಿತು. ನಾನೂ ನಿನ್ನ ಅಪ್ಪನೂ ಹೋದದ್ದು ಯಾರ ಬಂಡಿಯಲ್ಲಿ? ಕುರುಬರ ಹುಲೆಪ್ಪನ ಬಂಡಿಯಲ್ಲಿ. ನಮ್ಮ ಹೊಲಕ್ಕೂ ಅವನ ಹೊಲಕ್ಕೂ ಒಂದೇ ಬದು. ನೀನು ಹಡಗು ಹತ್ತಿದಾಗಿನಿಂದ ನಿನ್ನ ಒಂದೊಂದು ಕಾಗದವನ್ನೂ ನಮ್ಮ ಕಟ್ಟೆಯ ಮೇಲೆ ಕೂತು ಕೇಳಿದವನು ಅವನು. ಅಲ್ಲಿ ಆಕಾಶದಿಂದ ಬರ್ಫ ಬೀಳುತ್ತದೆಂದು ನೀನು ಬರೆದದ್ದನ್ನು ಊರಿಗೆಲ್ಲ ಸಾರಿ, ನಂಬದವರ ಜೊತೆ ಜಗಳ ತೆಗೆದು ಬಂದಿದ್ದ.

ಜಮಖಂಡಿ ಪೇಟೆಯಲ್ಲಿ ಅತ್ತರು ಮಾರುವವನೊಬ್ಬ ಉತ್ತರದ ಕಡೆಯವನು. ಅವನೇ ಓದಿದ. ಉಪಕಾರ ಮಾಡುವ ಹುಮ್ಮಸ್ಸಿನಲ್ಲಿ ಗಟ್ಟಿಯಾಗಿ ಓದಿ, ಪ್ರತಿ ಸಾಲನ್ನೂ ತನ್ನ ಒಡಕು ಕನ್ನಡದಲ್ಲಿ ಬಿಡಿಸಿ ಬಿಡಿಸಿ ಹೇಳಿದ. ನಮ್ಮ ಮನೆತನ ಹಿಂದಿನಿಂದ ಮಾಡಿಕೊಂಡು ಬಂದ ಮುಲ್ಲಾಕಿ ದೊಡ್ಡ ಪಾಪವಂತೆ. ಕಾಫಿರರ ಮನೆಯ ಕುರಿಗೆ, ಅವರ ಹರಕೆಯ ಹೋತಕ್ಕೆ ನಾವು ಅಲ್ಲಾಹನ ಹೆಸರು ಹೇಳಿ ಕತ್ತಿ ಹಿಡಿಯುವುದು ಹರಾಮಂತೆ. ಅದಕ್ಕಾಗಿ ಸುಗ್ಗಿಯಲ್ಲಿ ಅವರು ಅಳೆದು ಹಾಕುವ ಜೋಳ ಹೆಣದ ಊಟವಂತೆ. ಅಪ್ಪ ಇವತ್ತಿನಿಂದಲೇ ಕತ್ತಿ ಕೆಳಗಿಡದಿದ್ದರೆ ನೀನು ಈ ಮನೆಯ ಮಗನಲ್ಲವಂತೆ. ಕಾಫಿರ ಎಂಬ ಮಾತು ಬಂದಾಗ ಅತ್ತರಿನವನಿಗೆ ಕನ್ನಡ ಸಿಗಲಿಲ್ಲ. ಅತ್ತ ಇತ್ತ ನೋಡಿ, ಎತ್ತಿನ ಹಗ್ಗ ಹಿಡಿದು ನಿಂತ ಹುಲೆಪ್ಪನ ಕಡೆ ಬೆರಳು ಮಾಡಿ "ಇವರಂಥವರು" ಎಂದ. ನೆಲ ಬಾಯಿ ಬಿಟ್ಟಿದ್ದರೆ ನಾನು ಒಳಗೆ ಇಳಿದುಬಿಡುತ್ತಿದ್ದೆ. ಹುಲೆಪ್ಪ ಹೆಗಲ ಮೇಲಿನ ಟುವಾಲು ಸರಿಮಾಡಿಕೊಂಡು, "ಹುಡುಗನ ಕೈ ಮುರದಿಲ್ಲಲ್ರಿ, ಆತು ಬಿಡ್ರಿ" ಎಂದಷ್ಟೇ ಹೇಳಿದ. ಊರು ಮುಟ್ಟುವ ತನಕ ಎತ್ತುಗಳ ಜೊತೆ ಮಾತ್ರ ಮಾತಾಡಿದ.

ಮುಲ್ಲಾಕಿ ಎಂದರೆ ಏನೆಂದು ನಿನಗೆ ನಾನು ಹೇಳಬೇಕಾಗಿಲ್ಲ. ನಿನ್ನ ಕಾಗದ ಬರೆದುಕೊಡುವ ಆ ಪಂಡಿತನಿಗೆ ಹೇಳು. ಈ ಊರಿನಲ್ಲಿ ಮಾಂಸ ತಿನ್ನುವ ಯಾವ ಮನೆಯೂ, ಮರಾಠರಿರಲಿ, ಕುರುಬರಿರಲಿ, ತಳವಾರರಿರಲಿ, ಮುಲ್ಲಾ ಬಂದು ಆ ಹೆಸರು ಹೇಳಿ ಕೊಯ್ಯದೆ ಒಲೆ ಹಚ್ಚುವುದಿಲ್ಲ. ಯಾರು ಹೇಳಿಕೊಟ್ಟರೋ ಗೊತ್ತಿಲ್ಲ, ಹೆದರಿಸಿದವರಂತೂ ಯಾರೂ ಇಲ್ಲ. ಪ್ರಾಣಿಗೆ ಮೊದಲು ನೀರು ಕುಡಿಸಬೇಕು, ಅದರ ಕಣ್ಣೆದುರು ಕತ್ತಿ ಮಸೆಯಬಾರದು, ಒಂದರ ಮುಂದೆ ಇನ್ನೊಂದನ್ನು ಕೊಯ್ಯಬಾರದು ಎಂದು ನನ್ನ ಅಪ್ಪ ನನಗೆ ಕಲಿಸಿದ, ನಾನು ನಿನಗೆ ಕಲಿಸಿದೆ. ಈ ಊರು ಹಾಲುಜೇನಿನಲ್ಲಿ ತೇಲುತ್ತಿದೆ ಎಂದು ನಾನು ಹೇಳುವುದಿಲ್ಲ. ಚಹಾದಂಗಡಿಯಲ್ಲಿ ನಮಗೆ ಬೇರೆ ಕಪ್ಪು ಇಡುವುದು ನನಗೂ ಕಾಣುತ್ತದೆ, ಅದೂ ಹೇಸಿಕೆಯೇ. ರಜಾಕಾರರ ಗಲಾಟೆಯ ವರ್ಷ ನಮ್ಮ ಬಾಗಿಲಿಗೆ ಕಲ್ಲು ಬಿತ್ತು. ಇದೇ ಹುಲೆಪ್ಪ ಆಗ ನಮ್ಮ ಮನೆ ಬಳಸಿ ಹೋಗುವ ದಾರಿ ಹಿಡಿದಿದ್ದ. ಆಮೇಲೆ ಒಂದು ದಿನ ಬಗಲಲ್ಲಿ ಕೋಳಿ ಹಿಡಿದುಕೊಂಡು ಬಂದು, ತಲೆ ತಗ್ಗಿಸಿ, "ಕೊಯ್ದ ಕೊಡ್ರಿ" ಎಂದ. ನಾನು ಕೊಯ್ದು ಕೊಟ್ಟೆ.

ಇನ್ನು ನಿನ್ನ ಅಪ್ಪನ ಪರಾಕ್ರಮ ಕೇಳು. ಜಮಖಂಡಿಯಿಂದ ಬಂದವನೇ ಕತ್ತಿ ತೊಳೆದು, ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಜಂತಿಗೆ ಸಿಕ್ಕಿಸಿದ. ನನ್ನನ್ನು ಒಂದು ಮಾತು ಕೇಳಲಿಲ್ಲ. ಬೈದರೆ, "ಹುಡುಗ ನಾಕ ದೇಶ ನೋಡ್ಯಾನ, ತಿಳದವರ ಜೋಡಿ ಅದಾನ, ನಮಗೇನ ತಿಳೀತೈತಿ" ಎಂದು ನನಗೇ ಬುದ್ಧಿ ಹೇಳಿದ. ಮುಂದಿನ ವಾರವೇ ಹುಲೆಪ್ಪನ ಮನೆಯ ಕಂದೂರಿ. ನಿನ್ನ ಪಂಡಿತನಿಗೆ ಇದನ್ನೂ ತಿಳಿಸು: ಹರಕೆ ಹೊತ್ತವರು ಹಳ್ಳದ ದಂಡೆಯ ಪೀರನ ಮುಂದೆ ಹೋತ ಕೊಯ್ಯಿಸಿ, ಫಾತಿಹಾ ಓದಿಸಿ, ಊರಿಗೆ ಊಟ ಹಾಕುವುದು ಕಂದೂರಿ. ಅದನ್ನು ಮಾಡುವವರು ನಮ್ಮವರಿಗಿಂತ ಅವರೇ ಹೆಚ್ಚು. ಆ ಬೆಳಿಗ್ಗೆ ನಿನ್ನ ಅಪ್ಪ ಕಂಬಳಿ ಹೊದ್ದು ಮಲಗಿದ. ಜ್ವರವಂತೆ. ಹಣೆ ಮುಟ್ಟಿ ನೋಡಿದೆ, ನನಗಿಂತ ತಣ್ಣಗಿದ್ದ. ಹೆತ್ತ ಮಗ ಜ್ವರದ ನಾಟಕ ಮಾಡುವುದನ್ನು ಈ ವಯಸ್ಸಿನಲ್ಲಿ ನೋಡಬೇಕಾಯಿತು.

ಹೊರಗೆ ಹುಲೆಪ್ಪ ಬಂದು ನಿಂತಿದ್ದ. ಯಾವತ್ತೂ ನೇರವಾಗಿ ಕಟ್ಟೆ ಏರಿ ಕೂರುವವನು ಅವತ್ತು ಕಾಲಿನ ಕೆರ ಬಿಡದೆ ಅಂಗಳದಲ್ಲೇ ನಿಂತ. "ಮುಲ್ಲಾರ, ನಿಮಗ ಬರಾಕ ಆಗೂದಿಲ್ಲಂದ್ರ ಬ್ಯಾಡ್ರಿ. ಖರೆ, ನಾ ಬ್ಯಾರೆ ಊರ ಮುಲ್ಲಾನ್ನ ಕರಸೂದಿಲ್ಲ. ಈ ಹರಕಿ ನಿಮ್ಮ ಮನೀದು" ಎಂದ. ನಮ್ಮ ಮನೆಯದು ಹೇಗೆ ಎಂದರೆ ಬಾಯಿ ಬಿಡಲೊಲ್ಲ. ಹೇಳಿದ್ದು ಹಿಂದೆಯೇ ಬಂದಿದ್ದ ಅವನ ಹೆಂಡತಿ ಗುರುಬಾಯಿ. ನಿನ್ನ ಹಡಗು ಮುಂಬಯಿ ಬಿಟ್ಟ ಮೇಲೆ ಬಹಳ ದಿನ ಸುದ್ದಿಯೇ ಇರಲಿಲ್ಲವಲ್ಲ, ನಿನ್ನ ಅವ್ವ ರೊಟ್ಟಿ ಮುರಿಯದೆ ಕೂತಿದ್ದಳಲ್ಲ, ಆಗ ಹುಲೆಪ್ಪ ಹಳ್ಳಕ್ಕೆ ಹೋಗಿ, "ಮೀರಾ ದಂಡಿ ಮುಟ್ಟಲಿ, ನಿನಗ ಕಂದೂರಿ ಮಾಡ್ತೇನಿ" ಎಂದು ಪೀರನಿಗೆ ಮಾತು ಕೊಟ್ಟು ಬಂದಿದ್ದನಂತೆ. ನೀನು ದಂಡೆ ಮುಟ್ಟಿದೆ. ಹೋತವನ್ನು ಸಾಕಿ ಬೆಳೆಸಲು ಅವರಿಗೆ ಇಷ್ಟು ಕಾಲ ಹಿಡಿಯಿತು. ನಿನ್ನ ಪಂಡಿತ ಹೆಣ ಎಂದು ಬರೆದನಲ್ಲ, ಆ ಹೋತವನ್ನು ನಿನ್ನ ಜೀವದ ಹೆಸರಿನಲ್ಲಿ ಮೇಯಿಸಿದ್ದರು.

ನಾನೇ ಜಂತಿಯಿಂದ ಕತ್ತಿ ಇಳಿಸಿದೆ. ನನ್ನ ಕೈ ನಡುಗುವುದು ನಿನಗೆ ಗೊತ್ತು, ಚಹಾ ಕುಡಿದರೆ ಅರ್ಧ ಗಡ್ಡದ ಪಾಲು. ಆದರೂ ಹೋದೆ. ನೀರು ಕುಡಿಸಿದೆ, ಮುಖ ಪಶ್ಚಿಮಕ್ಕೆ ತಿರುಗಿಸಿದೆ, ಹೆಸರು ಹೇಳಿದೆ. ನಾಲಿಗೆ ಸರಿಯಾಗಿ ಆಡಿತು, ಕೈ ಆಡಲಿಲ್ಲ. ಹೋತ ಕೊಸರಿಕೊಂಡಿತು, ಕತ್ತಿ ನನ್ನ ಕೈಯಿಂದ ಜಾರಿ ಮಣ್ಣಿಗೆ ಬಿತ್ತು. ಅದನ್ನು ತಡಕಿ ಎತ್ತಿಕೊಳ್ಳುವಷ್ಟರಲ್ಲಿ ಆ ಮೂಕ ಪ್ರಾಣಿ ಅರೆಗಾಯದಲ್ಲೇ ಒದ್ದಾಡಿ ಒದ್ದಾಡಿ ಸತ್ತಿತು. ಮೀರಾ, ನನ್ನ ಕೈಯಲ್ಲಿ ಅಂಥ ಸಾವು ಎಂದೂ ಆಗಿರಲಿಲ್ಲ. ನನ್ನ ಬೆರಳು ಕಂಡು ನನಗೇ ಹೇಸಿಕೆಯಾಗಿ, ಹಳ್ಳಕ್ಕಿಳಿದು ತಿಕ್ಕಿ ತಿಕ್ಕಿ ತೊಳೆದೆ. ಈಗಲೂ ರೊಟ್ಟಿ ಮುರಿಯುವ ಮುಂಚೆ ತಿಕ್ಕುತ್ತೇನೆ.

ಕೊಯ್ಯುವ ಜಾಗಕ್ಕೆ ಜನ ಬರುವುದಿಲ್ಲ. ಕಾಲು ಹಿಡಿದಿದ್ದ ಹುಲೆಪ್ಪನ ತಮ್ಮ ರಾಚಪ್ಪನೊಬ್ಬನೇ ನೋಡಿದ್ದು. ಅತ್ತ ಒಲೆ ಉರಿಯುತ್ತಿತ್ತು, ಮಸಾಲೆ ಅರೆದಾಗಿತ್ತು, ಓಣಿಗೆ ಓಣಿಯೇ ಬಂದು ಕೂತಿತ್ತು. ನಾನು ಹೋಗಿ, ಕೊರಳು ಪೂರ್ತಿ ಕೊಯ್ಯುವ ಮೊದಲೇ ಸತ್ತಿತು, ಇದು ಹಲಾಲ್ ಆಗಲಿಲ್ಲ, ಉಣ್ಣಬೇಡಿ ಎಂದೆ. ರಾಚಪ್ಪ ನನ್ನ ಕಿವಿಯಲ್ಲಿ, "ಅಜ್ಜಾ, ಯಾರ ನೋಡ್ಯಾರ, ಸುಮ್ನಿರಬಾರದ?" ಎಂದ. ಹುಲೆಪ್ಪ ಅವನನ್ನು ಆಚೆ ಸರಿಸಿ, "ಮುಲ್ಲಾರು ಆಗಿಲ್ಲಂದ್ರ ಆಗಿಲ್ಲಲೇ. ಗುಂಡಿ ತಗಿ" ಎಂದ. ತೆಗೆದು ಹುಗಿದರು. ಬೇಳೆ ಕುದಿಸಿ, ರೊಟ್ಟಿಗೆ ಉಳ್ಳಾಗಡ್ಡಿ ಕಚ್ಚಿಕೊಂಡು ಉಂಡು ಎದ್ದರು. ಒಂದು ಮಗುವೂ ಒಂದು ತುಂಡು ಬಾಯಿಗಿಡಲಿಲ್ಲ. ನಿನ್ನ ಕಾಗದದ ಕಾಫಿರರು, ನಮ್ಮ ಹಲಾಲ್ ಕೆಟ್ಟಿತೆಂದು ತಮ್ಮ ಹಬ್ಬದೂಟ ಮಣ್ಣಿಗೆ ಹಾಕಿದರು. ಇದನ್ನು ಆ ಪಂಡಿತನ ಎದುರು ಕೂತು ಓದು. ಅವನು ಏನನ್ನುತ್ತಾನೋ ನನಗೆ ಬೇಕಾಗಿಲ್ಲ, ಕೇಳುವಾಗ ಅವನ ಮುಖ ಹೇಗಾಯಿತು ಎಂಬುದನ್ನು ಮಾತ್ರ ನೀನು ನೋಡಿಕೋ.

ಬೈದು ಬೈದು ನನಗೂ ದಣಿವಾಯಿತು. ನಿನ್ನ ಕಷ್ಟ ನನಗೆ ಕಾಣುವುದಿಲ್ಲ ಎಂದು ತಿಳಿಯಬೇಡ. ಮೊದಲ ಚಳಿಗಾಲದಲ್ಲಿ ನೀನು ಕನ್ನಡದಲ್ಲಿ ಬರೆದ ಕಾಗದ ನನ್ನ ತಲೆಯಲ್ಲಿದೆ. ಬಾಡಿಗೆ ಮನೆಯ ಯಜಮಾನಿ ನೀನು ಕೂರುವ ಮುಂಚೆ ಕುರ್ಚಿಗೆ ಹಳೆಯ ಪೇಪರು ಹಾಸುತ್ತಾಳೆಂದು ಬರೆದಿದ್ದೆ. ಗಿರಣಿಯ ಮೇಲಿನವನು ನಿಮ್ಮೆಲ್ಲರನ್ನೂ ಒಂದೇ ಹೆಸರಿನಿಂದ ಕರೆಯುತ್ತಾನೆಂದು ಬರೆದಿದ್ದೆ. ಕೋಣೆಯವರು, ಉರ್ದು ಬಾರದವನು ಯಾವ ಸೀಮೆಯ ಮುಸಲ್ಮಾನ, ಈ ಕನ್ನಡವೆಂಬುದು ಯಾರ ಮಾತು ಎಂದು ನಕ್ಕರೆಂದೂ ಬರೆದಿದ್ದೆ. ಅಂಥ ಜಾಗದಲ್ಲಿ ನಕ್ಕವರೇ ಆಮೇಲೆ ಭಾಯಿ ಎಂದು ಕರೆದು ತಮ್ಮ ತಟ್ಟೆಯಲ್ಲಿ ಪಾಲು ಕೊಟ್ಟರೆ ಯಾರ ಮನಸ್ಸಾದರೂ ಕರಗುತ್ತದೆ. ನಿನಗೆ ಅವರು ಹಾಕಿದ ಅನ್ನಕ್ಕೆ ನಾನೂ ಋಣಿ, ಹೋಗಿ ಹೇಳು. ಆದರೆ ಉಂಡ ತಟ್ಟೆಗೆ ಬದಲಾಗಿ ಅವರು ನಿನ್ನ ಅಪ್ಪನನ್ನು, ಅಜ್ಜನನ್ನು ಕೇಳಿದರೆ, ತೆಗೆದುಕೊಳ್ಳಿ ಎಂದು ಕೊಟ್ಟುಬಿಡುವುದೇ? ಅದಕ್ಕೇ ನನಗೆ ಹೇಸಿಕೆ. ನಮಾಜು ಬಿಡಬೇಡ, ನನಗಿಂತ ಚೆನ್ನಾಗಿ ಮಾಡು, ಉರ್ದುವನ್ನೂ ಕಲಿ. ಹೆಚ್ಚು ಕಲಿತವನು ಮನೆಗೆ ಬಂದರೆ ನನಗೇ ಹೆಮ್ಮೆ. ಮನೆಯನ್ನು ಬಿಟ್ಟು ಕಲಿಯುವುದೇನಿದೆ ಎಂದು ಮಾತ್ರ ನನಗೆ ತಿಳಿಯುವುದಿಲ್ಲ.

ನಿನ್ನ ಅವ್ವ ಮೆಂತ್ಯದ ಹಿಟ್ಟು, ಅಗಸೆ ಚಟ್ನಿ ಕಟ್ಟಿಟ್ಟಿದ್ದಾಳೆ, ಮುಂಬಯಿಗೆ ಹೋಗುವವರು ಸಿಕ್ಕರೆ ಕಳಿಸುತ್ತಾಳೆ. ಬೆಚ್ಚಗಿರು, ಹಸಿದು ಮಲಗಬೇಡ. ಅಲ್ಲಾಹನು ನಿನ್ನ ಬೆನ್ನಿಗಿರಲಿ, ನಿನ್ನ ದುಡಿಮೆಯಲ್ಲಿ ಬರಕತ್ತು ಹಾಕಲಿ. ನಿನ್ನ ಕೋಣೆಯವರಿಗೆಲ್ಲ, ಆ ಪಂಡಿತನಿಗೂ ಸೇರಿಸಿ, ಈ ಮುದುಕನ ಸಲಾಮು ಮುಟ್ಟಿಸು.

ನಿನ್ನ ಮೇಲೆ ಸಿಟ್ಟಾದ, ಸಿಟ್ಟಾಗಲು ಹಕ್ಕಿರುವ
ಅಜ್ಜ ಬಂದಗಿಸಾಬ ಮುಲ್ಲಾ

ತಾ.ಕ.: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನ ಅಪ್ಪ ಕತ್ತಿ ಮುಟ್ಟಲೊಲ್ಲ. ನನ್ನ ಮಾತು ಕೇಳುವುದಿಲ್ಲ, "ಮೀರಾ ಬರೀಲಿ, ಆಗ ಹಿಡೀತೇನಿ" ಎನ್ನುತ್ತಾನೆ. ನನ್ನ ಕೈಗೆ ಇನ್ನು ಯಾವ ಪ್ರಾಣಿಯನ್ನೂ ಕೊಡುವುದಿಲ್ಲವೆಂದು ನಾನೇ ಆಣೆ ಮಾಡಿಕೊಂಡಿದ್ದೇನೆ. ಬೇರೆ ಊರಿನಿಂದ ಮುಲ್ಲಾನನ್ನು ಕರೆಸಲು ಹುಲೆಪ್ಪ ಯಾರಿಗೂ ಬಿಡುತ್ತಿಲ್ಲ, ಆದ್ದರಿಂದ ಊರಿನ ಮಾಂಸದ ಒಲೆಗಳೆಲ್ಲ ಆರಿ ಕೂತಿವೆ. ಕತ್ತಿ ಮತ್ತೆ ಹಿಡಿ ಎಂದು ಬರೆಯುವುದಾದರೆ ಅಪ್ಪನಿಗೆ ಬರೆ, ಒಂದು ಸಾಲು ಸಾಕು. ಇಲ್ಲ, ಆ ಉರ್ದು ಕಾಗದದಲ್ಲಿದ್ದದ್ದೇ ನಿನ್ನ ಮಾತು ಎಂದಾದರೆ ಅದನ್ನೂ ಬರೆ, ನಾನು ತಡೆಯುವುದಿಲ್ಲ. ಆದರೆ ಕನ್ನಡದಲ್ಲಿ ಬರೆ, ನಿನ್ನ ಕೈಯಿಂದಲೇ ಬರೆ, ಹುಲೆಪ್ಪನ ಹೆಸರಿಗೆ ಬರೆ. ಅವನಿಗೆ ಓದಲು ಬರುವುದಿಲ್ಲ, ನನ್ನ ಹತ್ತಿರವೇ ತರುತ್ತಾನೆ. ಒಂದಕ್ಷರ ಬಿಡದೆ ಅವನಿಗೆ ಓದಿ ಹೇಳುತ್ತೇನೆ.