ಬೀಗದ ಕೈ ಯಾರ ಚಾರ್ಜ್?

ಭದ್ರಾವತಿ
ಸೋಮವಾರ, ಜೂನ್ 16, 2025

ಪ್ರೀತಿಯ ಅತ್ತೆಯವರಿಗೆ,

ಕವನ ಮಾಡುವ ನಮಸ್ಕಾರಗಳು. ನಿಮ್ಮ ಮಂಡಿನೋವು ಹೇಗಿದೆ? ರಶ್ಮಿ, ಮಗು ಚೆನ್ನಾಗಿದ್ದಾರೆಯೇ? ಮಗಳ ಬಾಣಂತನ ಮಾಡಿ ಮಾಡಿ ನಿಮ್ಮ ಸೊಂಟವೇ ಹಿಡಿದುಕೊಂಡಿರಬೇಕು.

ಮಾವನವರ ಕಣ್ಣಿನ ಪೊರೆಯ ಆಪರೇಷನ್ ಇಂದು ಆಗಲಿಲ್ಲ. ಮಾಚೇನಹಳ್ಳಿಯ ನನ್ನ ಆಫೀಸಿಗೆ ಫೋನ್ ಮಾಡಿ ಇದನ್ನು ತಿಳಿಸಿದವರು ಶಿವಮೊಗ್ಗದ ಆಸ್ಪತ್ರೆಯ ನರ್ಸ್ ಹೂವಮ್ಮ. "ಶೇಷಪ್ಪನೋರು ಬರ್ಲೇ ಇಲ್ವಲ್ಲ ಮೇಡಂ" ಎಂದರು. ಕರೆದೊಯ್ಯಲು ಬಂದಿದ್ದ ಪಕ್ಕದ ಮನೆ ಏಕಾಂತಪ್ಪನವರನ್ನು ಮಾವ ಬಾಗಿಲಿನಿಂದಲೇ ವಾಪಸ್ ಕಳಿಸಿದ್ದಾರೆ. ಸಂಜೆ ಕೇಳಿದೆ. "ಚಾರ್ಜ್ ತಗೊಂಡೋನು ರಿಲೀವರ್ ಬರ್ದೆ ಗೇಟ್ ದಾಟ್ತಾನೇನಮ್ಮ?" ಎಂದರು.

ಮೊದಲಿಗೆ ನನಗೆ ತಲೆಬುಡ ತಿಳಿಯಲಿಲ್ಲ. ನೀವು ಬಸ್ ಹತ್ತುವಾಗ ಬೀಗದ ಕೈ ಗೊಂಚಲನ್ನು ಅವರಿಗೆ ಕೊಟ್ಟು "ಮನೆ ನೋಡ್ಕೊಳ್ಳಿ" ಎಂದಿರಿ, ಅಷ್ಟೇ ತಾನೆ? ಅವರೋ ಕಾರ್ಖಾನೆಯ ಕುಲುಮೆಯ ಮುಂದೆ ದುಡಿದವರು. ಅಲ್ಲಿ ಮುಂದಿನ ಪಾಳಿಯವನು ಬಂದು ವಹಿಸಿಕೊಳ್ಳದೆ ಯಾರೂ ಕದಲುವಂತಿರಲಿಲ್ಲ. ನೀವು ಹೋದಂದಿನಿಂದ ಸಂಜೆ ಗೆಳೆಯರ ಕಟ್ಟೆಗೂ ಹೋಗಿಲ್ಲ. ನಿನ್ನೆ ಹಿತ್ತಲ ಮೆಟ್ಟಿಲು ಕಾಣದೆ ಎಡವಿದರು.

ಇದರ ನಡುವೆ ಇಂಪನಾಗೆ ಶಾಲೆಯಲ್ಲಿ ಯಾವುದಾದರೂ ಒಂದು ಇಂಗ್ಲಿಷ್ ಪದದ ಹುಟ್ಟು, ಅರ್ಥ ಬರೆದು ತರಲು ಹೇಳಿದ್ದಾರೆ. ತಾತನ ಬಾಯಲ್ಲಿ ಕೇಳಿ ಕೇಳಿ 'ಚಾರ್ಜ್' ಆರಿಸಿಕೊಂಡಳು. ಮೊಬೈಲಿಗೂ ಚಾರ್ಜ್, ಆಟೋದವನು ಕೇಳುವುದೂ ಚಾರ್ಜ್, ಪೊಲೀಸರು ಲಾಠಿ ಬೀಸಿದರೂ ಚಾರ್ಜ್. ನಿಘಂಟಿನ ಪ್ರಕಾರ ಎಲ್ಲದರ ಮೂಲ ಲ್ಯಾಟಿನ್ನಿನ ಒಂದು ಗಾಡಿ. ಗಾಡಿಗೆ ಹೊರೆ ಹೇರುವುದೇ ಮೊದಲ ಅರ್ಥವಂತೆ. "ಕುಲುಮೆಗೆ ಅದಿರು ಹಾಕೋದಕ್ಕೂ ಅದನ್ನೇ ಅಂತಿದ್ವಿ, ಬರ್ಕೊಳೇ ಮಾರಾಯ್ತಿ" ಎಂದು ಮಾವ ಮೊಮ್ಮಗಳನ್ನು ರೇಗಿಸಿದರು.

ನನ್ನ ಗೊಂದಲ ಮಾತ್ರ ಹೆಚ್ಚಿತು. ಆ ಗೊಂಚಲು ಹೊರೆಯೋ ಅಧಿಕಾರವೋ? ಹೊರೆಯಾದರೆ ನಾನು ಇಳಿಸಿಕೊಳ್ಳಬಹುದು. ಅಧಿಕಾರವಾದರೆ, ಅತ್ತೆ ಅತ್ತ ಹೋದದ್ದೇ ತಡ ಸೊಸೆ ಕೈಚಾಚಿದಳು ಎಂದಾಗುತ್ತದೆ. ನಿಮ್ಮ ಮಗ ಕೇಳಿ ನೋಡಿದರು. "ನೀನ್ಯಾರೋ? ನಿಮ್ಮಮ್ಮ ಹೇಳ್ಲಿ" ಎಂದು ಬೈಸಿಕೊಂಡರು.

ಫೋನಿನಲ್ಲಿ ಹೇಳೋಣವೆಂದರೆ ಮನೆಯಲ್ಲಿ ಮಾವ, ಆಫೀಸಿನಲ್ಲಿ ನಾಲ್ಕು ಜನ ಎದುರಿಗೇ ಕೂತಿರುತ್ತಾರೆ. ಏಕಾಂತಪ್ಪನವರು ನಾಳೆ ದಾವಣಗೆರೆಗೆ ಬರುತ್ತಿದ್ದಾರೆ, ಈ ಕಾಗದ ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ರಶ್ಮಿಗೆ ನೆನಪು ಹೇಳಿ, ಮಗುವಿಗೆ ನನ್ನ ಲೆಕ್ಕದ ಒಂದು ಮುತ್ತು ಕೊಡಿ.

ನಿಮ್ಮ ಸೊಸೆ,
ಕವನ

ಮರೆತಿದ್ದೆ: ಓದಿದ ತಕ್ಷಣ ಮಾವನವರಿಗೆ ಫೋನ್ ಮಾಡಿ, ಬೀಗದ ಕೈ ಯಾರಿಗೆ ಒಪ್ಪಿಸಬೇಕೆಂದು ನೀವೇ ಹೇಳಿ. ಆ ಒಂದು ದಿನದ ಮಟ್ಟಿಗೆ ಯಾರಾದರೂ ಸರಿ. ನನ್ನ ಹೆಸರು ಹೇಳಿದರೆ ನಾನೇನೂ ಬೇಡ ಎನ್ನುವುದಿಲ್ಲ. ಹೂವಮ್ಮ ಕೊಟ್ಟಿರುವ ಹೊಸ ಸಮಯ ಗುರುವಾರ ಬೆಳಿಗ್ಗೆ ಒಂಬತ್ತು ಗಂಟೆ.