ಚೊಂಬು ನೀರು, ಚಮಚ ಉಪ್ಪು

ಜೂನ್ 3, ಸೋಮವಾರ

ಶಿಡ್ಲಘಟ್ಟದಿಂದ ಬಸ್ಸಿನಲ್ಲಿ ನಿಂತೇ ಬಂದೆ. ಸೀಟಿನ ಮೇಲೆ ಹಿಪ್ಪುನೇರಳೆ ಸೊಪ್ಪಿನ ಮೂಟೆ. ಅದಕ್ಕೂ ಟಿಕೆಟ್ ತೆಗೆದಿದ್ದರಂತೆ. ಎಬ್ಬಿಸುವ ಹಾಗಿಲ್ಲ.

ಒಂಬತ್ತನೇ ತರಗತಿಗೆ ಅಸ್ಥಿಪಂಜರ ತೋರಿಸಿದೆ. ನಮ್ಮ ಲ್ಯಾಬಿನ ಪ್ಲಾಸ್ಟಿಕ್ ಅಸ್ಥಿಪಂಜರಕ್ಕೆ ಕೆಳದವಡೆ ಇಲ್ಲ. ಶಾಲೆಯಲ್ಲಿ ಎದುರುತ್ತರ ಕೊಡದ ಏಕೈಕ ಸಿಬ್ಬಂದಿ. ಎಂದಿನಂತೆ ಪ್ರಾಸ ಕಟ್ಟಿದೆ: "ತೊಡೆಯ ಮೂಳೆ ಎಲ್ಲಕ್ಕುದ್ದ, ಕಿವಿಯ ಮೂಳೆ ಎಲ್ಲಕ್ಕೂ ಗಿಡ್ಡ." ಎಲ್ಲರೂ ನಕ್ಕರು. ಮೂರನೇ ಬೆಂಚಿನ ಹರಿಣಿ ನಗಲಿಲ್ಲ. ಹೋದ ವರ್ಷ ಎಲ್ಲರಿಗಿಂತ ಮೊದಲು ನಗುತ್ತಿದ್ದವಳು.

ಬೇಸಿಗೆ ರಜೆಯಲ್ಲಿ ಅವಳ ತಮ್ಮ ತೀರಿಕೊಂಡನಂತೆ. ಹೆಡ್‌ಮಿಸ್ ಶ್ಯಾಮಲಮ್ಮನವರು ಹೇಳಿದರು. ಸಿದ್ಧಾರ್ಥ್. ಹತ್ತು ತಿಂಗಳ ಕೂಸು. ವಾಂತಿ ಭೇದಿ. ಒಮ್ಮೆ ಮನೆಗೆ ಹೋಗಿ ಬರಬೇಕು.

ಜೂನ್ 6, ಗುರುವಾರ, ಸಂಜೆ 7

ಹೋಗಬಾರದಿತ್ತು… ಅಲ್ಲ. ಹೋಗಿ, ಬಾಯಿ ಬಿಡಬಾರದಿತ್ತು.

ಹರಿಣಿಯ ಅಪ್ಪ ಸುನೀಲ್, ಲೈನ್‌ಮನ್. ಕುರ್ಚಿ ಕೊಟ್ಟ. ಅಮ್ಮ ಜ್ಯೋತಿಲಕ್ಷ್ಮಿ ಕಾಫಿ ತಂದಳು. ಮೂಲೆಯಲ್ಲಿ ಅಜ್ಜಿ ಪೆದ್ದಮ್ಮ, ಸುನೀಲನ ತಾಯಿ.

"ರೇಷ್ಮೆ ಹುಳ ಹಣ್ಣಾಗಿದ್ವು ಸಾರ್," ಅಂದಳು ಜ್ಯೋತಿಲಕ್ಷ್ಮಿ. "ಆರಿಸಿ ಬಿದಿರಿನ ಚಂದ್ರಿಕೆ ತಟ್ಟಿಗೆ ಬಿಡ್ದಿದ್ರೆ ಗೂಡು ಎಲ್ಲಿ ಕಟ್ಟುತ್ವೆ? ಎರಡು ದಿನ ನಾವಿಬ್ರೂ ಹುಳದ ಮನೇಲೇ. ಮಗೂನ ಅತ್ತೆ ನೋಡ್ಕೊಂಡ್ರು. ಹರಿಣಿ ನಿಮ್ಮ ಪದ್ಯ ಹೇಳ್ಕೊಂಡು ಹೇಳ್ಕೊಂಡು ನೀರು ಕಲ್ಸಿಕೊಡ್ತಿದ್ಲು. ನೀವು ಕಲ್ಸಿದ್ದು ಅಷ್ಟಾದ್ರೂ ಉಪಯೋಗಕ್ಕೆ ಬಂತು ಸಾರ್."

ನನ್ನ ಪದ್ಯ. ಹೋದ ವರ್ಷ ಆರೋಗ್ಯ ದಿನಕ್ಕೆ ಬರೆದದ್ದು. ಶಾಲೆಯ ನಲ್ಲಿಯ ಪಕ್ಕದ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿದೆ:

ಚೊಂಬು ನೀರು, ಚಮಚ ಉಪ್ಪು,
ಹಿಡಿ ಸಕ್ಕರೆ ಕಲಸು;
ಬಂದ ಭೇದಿ ಓಡಿ ಹೋಗ್ಲಿ,
ಗುಟುಕು ಗುಟುಕು ಕುಡಿಸು.

ಸುನೀಲ್ ಆಸ್ಪತ್ರೆಯ ಕಾಗದ ತಂದ. "ಇಂಗ್ಲೀಷಲ್ಲಿ ಗೀಚವ್ರೆ. ಏನಾಗಿತ್ತಂತೆ ನೋಡಿ ಸಾರ್. ಆವತ್ತು ಡಾಕ್ಟ್ರು ಏನೋ ಹೇಳಿದ್ರು. ನನ್ನ ತಲೆಗೆ ಹೋಗ್ಲಿಲ್ಲ."

ಸೋಡಿಯಂ, ಅಂದರೆ ರಕ್ತದಲ್ಲಿನ ಉಪ್ಪು, 181. ನೂರ ನಲವತ್ತೈದು ದಾಟಬಾರದು.

ಎರಡು ಸಲ ಓದಿದೆ. ಕಾಫಿ ಆರಿತು. "ಮೈಯಲ್ಲಿ ನೀರು ಕಡಿಮೆಯಾಗಿತ್ತಂತೆ," ಅಂದೆ.

ಸುನೀಲ್ ಮೂಲೆಗೆ ತಿರುಗಿದ. "ಕೇಳ್ಸ್ಕೊಂಡ್ಯೇನಮ್ಮ? ಮೇಷ್ಟ್ರೇ ಓದಿ ಹೇಳ್ತಾವ್ರೆ. ಕೂಸಿಗೆ ನೀರು ಕುಡ್ಸಿಲ್ಲ ನೀನು."

"ಕುಡಿಸ್ತಾನೇ ಇದ್ನಪ್ಪಾ," ಅಂದಳು ಪೆದ್ದಮ್ಮ. "ಎಂತ ತಾಗಿಂಚಿನಾ, ಎಷ್ಟು ಕುಡ್ಸಿದ್ರೂ ದಾಹ ತೀರ್ಲಿಲ್ಲ. ಕುಡಿದಷ್ಟೂ ಬಾಯಿ ತೆರೀತಿತ್ತು."

ನಾನು ಎದ್ದು ಬಂದೆ. ಹರಿಣಿ ಬಸ್‌ಸ್ಟಾಪಿನವರೆಗೆ ಬಂದು, ನಮಸ್ಕಾರ ಹೇಳಿ ಹೋದಳು.

ಜೂನ್ 7, ಶುಕ್ರವಾರ, ಬೆಳಿಗ್ಗೆ 5.20

ಒಂದು ಲೀಟರ್ ನೀರಿಗೆ ಅರ್ಧ ಟೀ ಚಮಚ ಉಪ್ಪು, ಆರು ಚಮಚ ಸಕ್ಕರೆ. ಅದು ಸರಿ. ನನಗೆ ಗೊತ್ತಿತ್ತು. ಆವತ್ತೂ ಗೊತ್ತಿತ್ತು. "ಅರ್ಧ" ಸೇರಿಸಿದರೆ ಸಾಲಿನಲ್ಲಿ ಒಂದು ಗಣ ಹೆಚ್ಚಾಗುತ್ತಿತ್ತು. "ಲೀಟರ್" ಅಂದರೆ ಲಯ ಕೆಡುತ್ತಿತ್ತು. ಚೊಂಬು, ಚಮಚ… ಎರಡಕ್ಕೂ ಚಕಾರ. ಏನು ಹಿಗ್ಗಿದ್ದೆ. ಶಾಲೆಯ ಚೊಂಬು ಲೀಟರ್ ಹಿಡಿಯುತ್ತದೆ. ಎಲ್ಲರ ಮನೆಯ ಚೊಂಬೂ ಹಾಗೇ ಅಂದುಕೊಂಡೆ. ನಿನ್ನೆ ಅವರ ಜಗಲಿಯ ಮೇಲೆ ನೋಡಿದೆ. ಅದರ ಅರ್ಧವೂ ಇಲ್ಲ.

ಕೋಶಪೊರೆ ನೀರನ್ನು ಬಿಡುತ್ತದೆ, ಉಪ್ಪನ್ನು ಹಾಗೆ ಬಿಡುವುದಿಲ್ಲ. ಹೊರಗೆ ಉಪ್ಪು ಹೆಚ್ಚಾದರೆ ಒಳಗಿನ ನೀರು ಆ ಕಡೆ ಹೊರಡುತ್ತದೆ. ಕೋಶ ಮುದುಡುತ್ತದೆ. ಮೆದುಳಿನದೂ. ಇಪ್ಪತ್ತು ವರ್ಷದಿಂದ ಪಾಠ ಮಾಡಿದ್ದೇನೆ. ಕೂಸು ಕುಡಿದಷ್ಟೂ ಒಣಗಿತು.

ನಾಲ್ಕಕ್ಕೆ ಎಚ್ಚರ. ಗಂಟಲು ಒಣಗಿತ್ತು. ಎರಡು ಲೋಟ ಕುಡಿದೆ. ದಾಹ ಹೋಗಲಿಲ್ಲ.

ಜೂನ್ 20, ಗುರುವಾರ

ಪೆದ್ದಮ್ಮನನ್ನು ಚಿಂತಾಮಣಿಗೆ, ಮಗಳ ಮನೆಗೆ ಕಳಿಸಿದರಂತೆ. "ಕಣ್ಮುಂದೆ ಇರ್ಬೇಡ" ಅಂದನಂತೆ ಸುನೀಲ್. ಮೂರು ಸೀರೆ, ಒಂದು ಚೀಲ.

ಎಂಟನೇ ತರಗತಿಯಲ್ಲಿ ಯಾರೋ ನನ್ನ ಪದ್ಯ ಗುನುಗುತ್ತಿದ್ದರು. ಬೈದೆ. ಯಾಕೆಂದು ಅವರಿಗೆ ತಿಳಿಯಲಿಲ್ಲ.

ಜುಲೈ 15, ಸೋಮವಾರ

ಭಾನುವಾರ ಬಂದು ಗೋಡೆಗೆ ಸುಣ್ಣ ಹೊಡೆದೆ. ಇವತ್ತು ಪ್ರಾರ್ಥನೆಯಲ್ಲಿ ಹೇಳಿದೆ: ಆ ಪದ್ಯ ಮರೆತುಬಿಡಿ, ಅದರ ಅಳತೆ ಬೇಡ, ಭೇದಿಯಾದರೆ ಆಶಾ ಅಕ್ಕನ ಹತ್ತಿರ ಓಆರ್‌ಎಸ್ ಪ್ಯಾಕೆಟ್ ಕೇಳಿ, ಅದರ ಮೇಲೆ ಬರೆದಷ್ಟೇ ನೀರು, ಅಳೆದು. ಕಾರಣ ಹೇಳಲಿಲ್ಲ. ಹರಿಣಿ ಸಾಲಿನಲ್ಲಿದ್ದಳು. ನೆಲ ನೋಡುತ್ತಿದ್ದಳು.

ಮಧ್ಯಾಹ್ನ ಸುಣ್ಣ ಒಣಗಿತು. ನೀಲಿ ಅಕ್ಷರ ಒಳಗಿನಿಂದ ಮೂಡಿದೆ. ಇನ್ನೊಂದು ಕೋಟ್ ಬೇಕು.

ಶ್ಯಾಮಲಮ್ಮನವರು: "ಗಂಗರಾಜು, ಒಂಬತ್ತನೇ ಕ್ಲಾಸಿಗೆ ಇನ್ನೂ ಎಷ್ಟು ದಿನ ಮೂಳೇನೇ ತಿನ್ನಿಸ್ತೀರಾ? ಜೀವಕೋಶದ ಪಾಠ ಯಾವಾಗ? ಕಿರುಪರೀಕ್ಷೆಗೆ ಬರುತ್ತೆ ಕಣ್ರೀ."

"ಮಾಡ್ತೀನಿ ಮೇಡಂ, ಗಟ್ಟಿ ಪದಾರ್ಥ ಮುಗೀಲಿ ಅಂತ," ಅಂದೆ. ಅವರು ನಕ್ಕರು.

ಆ ಪಾಠದಲ್ಲಿ ಅಭಿಸರಣೆ ಇದೆ. ಉಪ್ಪುನೀರಿಗೆ ಒಣದ್ರಾಕ್ಷಿ ಹಾಕುವ ಚಟುವಟಿಕೆ ಇದೆ. ಹರಿಣಿ ಜಾಣೆ. ಹತ್ತು ನಿಮಿಷ ಸಾಕು ಅವಳಿಗೆ.

ಜುಲೈ 30, ಮಂಗಳವಾರ

ಜೀರ್ಣಾಂಗ ಮುಗಿಸಿದೆ. ಮೂತ್ರಪಿಂಡ ಮುಗಿಸಿದೆ. ಪಠ್ಯದಲ್ಲಿಲ್ಲದ ಎಲ್ಲ ಅಂಗಗಳೂ ಮುಗಿದವು.

ಆಗಸ್ಟ್ 5, ಸೋಮವಾರ, ಸಂಜೆ 5

ಮಾಡಿದೆ.

ಎರಡು ಬೀಕರ್. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಗಾಢ ಉಪ್ಪುನೀರು. ಮೊದಲೇ ನೆನೆಸಿ ಉಬ್ಬಿಸಿದ ದ್ರಾಕ್ಷಿಯನ್ನು ಉಪ್ಪಿನದಕ್ಕೆ ಬಿಟ್ಟೆ. ಪ್ರಾಸ ಕಟ್ಟಲಿಲ್ಲ. "ಸಾರ್, ಪದ್ಯ?" ಅಂದ ಹಿಂದಿನ ಬೆಂಚಿನವನು. ಬರೆದುಕೊಳ್ಳಪ್ಪ ಅಂದೆ.

ಗಂಟೆಯಾದ ಮೇಲೆ ಎಲ್ಲರೂ ಹೋದರು. ಹರಿಣಿ ಬೀಕರಿನ ಮುಂದೆ ನಿಂತಿದ್ದಳು. ದ್ರಾಕ್ಷಿ ಸುಕ್ಕಾಗತೊಡಗಿತ್ತು.

"ನಂಗೆ ಗೊತ್ತು ಸಾರ್," ಅಂದಳು.

ಕೈಯಲ್ಲಿದ್ದ ಡಸ್ಟರ್ ಮೇಜಿನ ಮೇಲಿಟ್ಟೆ.

"ಮೇ ತಿಂಗಳಲ್ಲೇ ಪಾಠ ಓದ್ಕೊಂಡೆ. ಪಕ್ಕದ್ಮನೆ ಸುಮತಿ ಅಕ್ಕನ ಹಳೇ ಪುಸ್ತಕ ಇತ್ತು. ನಾನೇ ಉಪ್ಪು ಜಾಸ್ತಿ ಹಾಕ್ಬಿಟ್ಟಿದೀನಿ ಸಾರ್."

"ಎಷ್ಟು ಹಾಕಿದೆ?"

"ಒಂದು ಚಮಚಾನೇ ಹಾಕ್ದೆ ಅಂತ ಜ್ಞಾಪಕ. ಆದ್ರೆ ಜಾಸ್ತೀನೇ ಹಾಕಿರ್ಬೇಕು. ನಿಮ್ಮ ಪದ್ಯ ತಪ್ಪಿರಲ್ವಲ್ಲ." ಆಮೇಲೆ ಮೆಲ್ಲಗೆ: "ಅಪ್ಪಂಗೆ ಹೇಳ್ಬೇಡಿ ಸಾರ್. ಅಜ್ಜಿ ಪಾಪ, ನನ್ನಿಂದ… ಆದ್ರೂ ಹೇಳ್ಬೇಡಿ."

ಎರಡು ತಿಂಗಳು. ಮೂರನೇ ಬೆಂಚಿನಲ್ಲಿ, ನನ್ನ ಕಣ್ಣೆದುರಿಗೆ, ಈ ಹುಡುಗಿ ಇದನ್ನು ಹೊತ್ತು ಕೂತಿದ್ದಳು. ಅವಳಿಗೆ ತಿಳಿದುಬಿಡುತ್ತದೆಂದು ನಾನು ಹೆದರುತ್ತಿದ್ದೆ.

"ಪದ್ಯ ತಪ್ಪು ಕಣಮ್ಮ," ಅಂದೆ. "ಅರ್ಧ ಚಮಚ ಹಾಕಬೇಕಿತ್ತು. ನೀರು ಲೀಟರ್ ಬೇಕಿತ್ತು. ನೀನು ಪದ್ಯದ ಪ್ರಕಾರವೇ ಮಾಡಿದೀಯ."

ನಂಬಲಿಲ್ಲ. ಹಠ ಮಾಡಿದಳು: "ಇಲ್ಲ ಸಾರ್, ನೀವು ನಂಗೆ ಸಮಾಧಾನಕ್ಕೆ ಹೇಳ್ತಿದೀರ." ಕಪ್ಪು ಹಲಗೆಯ ಮೇಲೆ ಲೆಕ್ಕ ಬಿಡಿಸಿ ತೋರಿಸಬೇಕಾಯಿತು. ಆಮೇಲೆ ಬೆಂಚಿನ ಮೇಲೆ ಕೂತು ಅತ್ತಳು. ನಾನು ಹಲಗೆ ಒರೆಸಲಿಲ್ಲ.

ಹೊರಡುವಾಗ ಕೇಳಿದಳು. "ಆ ಕಾಗದದಲ್ಲಿ ಬರ್ದಿತ್ತಾ ಸಾರ್ ಇದು?"

"ಇತ್ತು."

"ಓದಿದ್ರಾ?"

"ಓದಿದೆ."

ಚೀಲ ಹೆಗಲಿಗೆ ಹಾಕಿಕೊಂಡು ಹೋದಳು. ಇವತ್ತು ನಮಸ್ಕಾರ ಹೇಳಲಿಲ್ಲ.

ಆಗಸ್ಟ್ 11, ಭಾನುವಾರ, ಮಧ್ಯಾಹ್ನ

ಅವರ ಮನೆಯಿಂದ ಬಂದು ಬಸ್‌ಸ್ಟಾಪಿನ ಕಟ್ಟೆಯ ಮೇಲೆ ಬರೆಯುತ್ತಿದ್ದೇನೆ. ಮರೆಯುವುದಕ್ಕೆ ಮುಂಚೆ. ಮರೆಯುವುದೆಲ್ಲಿ.

ಆರು ದಿನ ಬೇಕಾಯಿತು. ಸುನೀಲ್ ಬಾಗಿಲಲ್ಲಿ "ಬನ್ನಿ ಸಾರ್" ಅಂದ. ಕೂರಲಿಲ್ಲ. ನಿಂತೇ ಹೇಳಿದೆ. ಪದ್ಯದ ತಪ್ಪು ಮೊದಲು. ಕಾಗದದ ಸುಳ್ಳು ಆಮೇಲೆ. ಹರಿಣಿಯದೂ ಅಲ್ಲ, ಅಜ್ಜಿಯದೂ ಅಲ್ಲ ಅಂತ ಎರಡು ಸಲ.

ಜ್ಯೋತಿಲಕ್ಷ್ಮಿ ಒಳಗೆ ಹೋದಳು. ಬರಲಿಲ್ಲ. ಹರಿಣಿ ಅವಳ ಹಿಂದೆ ಹೋದಳು.

ಸುನೀಲ್ ನನ್ನನ್ನು ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ವಾಸಿಯಿತ್ತು. "ನೀವು ಓದಿದವರು ಅಂತ ಕೊಟ್ಟೆ ಸಾರ್ ಕಾಗದಾನ," ಅಂದ, ಅಷ್ಟೇ.  ಆಮೇಲೆ ಜೇಬಿನಿಂದ ಫೋನ್ ತೆಗೆದು ಚಿಂತಾಮಣಿಗೆ ಮಾಡಿದ. ಸ್ಪೀಕರ್ ಹಾಕಿದ.

ಆ ಕಡೆಯಿಂದ ಪೆದ್ದಮ್ಮನ ದನಿ. "ಏಮಪ್ಪಾ… ಹರಿಣಿ ಊಟ ಮಾಡ್ತಾ?"

 ಫೋನ್ ನನ್ನ ಕಡೆ ಹಿಡಿದ.

"ಅಮ್ಮಾ, ನಾನು ಗಂಗರಾಜು ಮೇಷ್ಟ್ರು," ಅಂದೆ. "ನೀವು ಆವತ್ತು ಕೂಸಿಗೆ ನೀರು ಕುಡಿಸ್ತಾನೇ ಇದ್ರಿ. ತಪ್ಪು ನನ್ನ ಪದ್ಯದ್ದು."