ಬಾಯಿಗೆ ಬಾರದ ‘ಸಾರಿ’

ಆಪಾಮ್,
ಮಂಗಳವಾರ, ೧೧ ಆಗಸ್ಟ್ ೧೯೮೭

ಪ್ರೀತಿಯ ಅದ್ವೋಬಾ,

ನಿನ್ನೆ ಕೆಟ್ಟ ಕನಸು ಬಿತ್ತು. ದಡದ ಮೆಟ್ಟಿಲ ಮೇಲೆ ನೀನು ಜಾರಿ ಬಿದ್ದಿದ್ದೆ. ಮೊಣಕಾಲು ನೆಟ್ಟಗಿದೆ ತಾನೆ? ನಿನ್ನ ಕಾಗದಕ್ಕೆ ಉತ್ತರ ಮೂರು ತಿಂಗಳು ತಡವಾಯಿತು, ಬೈಯಬೇಡ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಒಂದು ಸಾಲು ಬರೆದು ಎರಡು ಸಾಲು ಹೊಡೆದುಹಾಕುತ್ತೇನೆ. ಮಂಗಳವಾರ ಕಡಲ ದೇವರ ದಿನ, ದೋಣಿ ಇಳಿಸುವಂತಿಲ್ಲವಲ್ಲ, ಒಲೆಗಳೂ ತಣ್ಣಗಿವೆ. ಅದಕ್ಕೇ ಕುಳಿತೆ.

ಈ ವರ್ಷ ಮೀನು ಚೆನ್ನಾಗಿ ಸಿಗುತ್ತಿದೆ. ಮೊನ್ನೆ ಮೀನಿಗೆ ಹೊಗೆ ಹಾಕುವಾಗ ಬೆರಳು ಸುಟ್ಟುಕೊಂಡೆ. ಹೆಂಗಸರೆಲ್ಲ ಒಟ್ಟಿಗೇ “ಸಾರಿ, ಸಾರಿ!” ಅಂದರು. ತಕ್ಷಣ ನಿನ್ನ ನೆನಪು. ಹೊಸ ಬಿಳಿ ಟೀಚರ್ ಎಡವಿದಾಗ ನಾವು ನಲವತ್ತು ಮಕ್ಕಳೂ “ಸಾರಿ ಮೇಡಂ” ಎಂದು ಕೂಗಿರಲಿಲ್ಲವೇ? “ನೀವ್ಯಾಕ್ರೇ ಸಾರಿ ಕೇಳ್ತೀರಿ? ಕಲ್ಲು ನೀವಿಟ್ರಾ?” ಅಂದರು ಅವರು. ನೀನು ಎದ್ದು ನಿಂತು, “ಇಲ್ಲ ಮೇಡಂ, ನಿಮಗೆ ನೋವಾಯ್ತಲ್ವಾ?” ಅಂದೆ. ಊರು ಬಿಡುವ ಹೊತ್ತಿಗೆ ಅವರೂ ಕುಂಟ ಮೇಕೆಗೆ ಸಾರಿ ಹೇಳುತ್ತಿದ್ದರು!

ಮಳೆಯಲ್ಲಿ ನೆನೆದವರಿಗೆ, ಬಸ್ಸು ತಪ್ಪಿದವರಿಗೆ, ಮಗು ಕಳೆದುಕೊಂಡವರಿಗೆ, ಎಲ್ಲರಿಗೂ ನಮ್ಮಲ್ಲಿ ಅದೊಂದೇ ಮಾತು. ನಾನು ಶಾಲೆ ಬಿಟ್ಟ ದಿನ ನೀನು ಬಾಗಿಲಲ್ಲಿ ನಿಂತು ಅದನ್ನೇ ಹೇಳಿ, ಕೈಯಲ್ಲಿದ್ದ ಕರಿದ ಬಾಳೆಹಣ್ಣಿನಲ್ಲಿ ಅರ್ಧ ಕೊಟ್ಟೆ.

ನಿನ್ನ ಗಂಡ ಎಸೆಲ್ ಹೋದ ದೋಣಿ ಮರಳದ ದಿನ ಊರಿಗೆ ಊರೇ ನಿನ್ನ ಅಂಗಳಕ್ಕೆ ಬಂದು, ಒಬ್ಬೊಬ್ಬರಾಗಿ ನಿನ್ನ ಕೈ ಹಿಡಿದು ಸಾರಿ ಹೇಳಿದರು. ನನ್ನ ಸರದಿ ಬಂದಾಗ ನಾನು, “ಒಲೇಲಿರೋ ಮೀನು ತಿರುವಿ ಹಾಕಿದ್ಯಾ?” ಅಂದುಬಿಟ್ಟೆ. ನಿನ್ನತ್ತೆ, “ನೋಡ್ರಮ್ಮಾ, ಈ ಮನ್ಸಾಗೆ ಈಗ್ಲೂ ಮೀನಿಂದೇ ಯೋಚ್ನೆ” ಅಂದರು. ನೀನು ನನ್ನ ಕೈ ಬಿಟ್ಟೆ.

ಈ ತಿಂಗಳ ಕೊನೆಗೆ ಎಸೆಲ್‌ನ ವರ್ಷದ ಕಾರ್ಯ. ನೀನು ಕುಮಾಸಿಯಿಂದ ಬರುತ್ತೀ, ಜನ ಮತ್ತೆ ಸಾಲಾಗಿ ನಿಲ್ಲುತ್ತಾರೆ. ನಾನು ನಿಲ್ಲಲೋ ಬೇಡವೋ, ನೀನೇ ಹೇಳು.

ದೇವರು ನಿನ್ನ ಮಕ್ಕಳನ್ನು ಕಾಯಲಿ, ದಾರಿಯಲ್ಲಿ ಲಾರಿಗಳ ಕಣ್ಣಿಂದ ನಿನ್ನನ್ನು ತಪ್ಪಿಸಲಿ.

ನಿನ್ನ,
ಮನ್ಸಾ

ತಾ.ಕ.: ಅವತ್ತು ನನ್ನ ಗಂಡ ಕೊಬಿನಾಗೆ ಜ್ವರ ಇರಲಿಲ್ಲ, ಅದ್ವೋಬಾ. ಗಾಳಿಗೆ ಹೆದರಿ, ಅವನಿಗೆ ಜ್ವರವೆಂದು ನಾನೇ ದೋಣಿಯವರಿಗೆ ಸುಳ್ಳು ಹೇಳಿ ಕಳಿಸಿದೆ. ಅವನ ಜಾಗದಲ್ಲಿ ಎಸೆಲ್ ಹುಟ್ಟು ಹಾಕಲು ಹೋದ. ಊರವರ ಹಾಗೆ ನಾನು ಆ ಮಾತು ಹೇಗೆ ಹೇಳಲಿ? ಎಸೆಲ್ ಯಾರಾದರೂ ಕರೆಯುವ ಮುಂಚೆಯೇ ತಾನಾಗಿ ದಡಕ್ಕೆ ಹೊರಟಿದ್ದ ಎಂದು ನೀನು ಬರೆದಿದ್ದೀ. ನಾನು ಹೇಳಿ ಕಳಿಸಿದ್ದು ಚರ್ಚಿನ ಮೊದಲ ಗಂಟೆಗೆ. ಅವನು ಮನೆ ಬಿಟ್ಟಿದ್ದು ಆ ಗಂಟೆಗೆ ಮುಂಚೆಯೋ, ಆಮೇಲೋ? ನಿನ್ನ ಜೊತೆಗಿರುವ ಅತ್ತೆಯನ್ನು ಇನ್ನೊಮ್ಮೆ ಕೇಳಿ ಬರಿ.